ಮಗನ ಫುಟ್ಬಾಲ್ ಕೋಚಿಂಗು, ಒಂದು ವರ್ಷ ನೋಡಿ ಬರೀತಿದೀನಿ

ಮಗನ್ನ ಈ ಫುಟ್ಬಾಲ್ ಕೋಚಿಂಗಿಗೆ ಸೇರ್ಸಿ ಮೊನ್ನೆ ಜೂನ್‌ಗೆ ಒಂದು ವರ್ಷ ಆತು. ದಾವಣಗೆರೆ ಅಂದ್ರೆ ಕ್ರಿಕೆಟ್ಟು, ವಿನಯ್ ಕುಮಾರ್ ಊರು, ಯಾವ ಮೈದಾನಕ್ಕೆ ಹೋದ್ರೂ ವಿಕೆಟ್ ನೆಟ್ಟಿರ್ತಾರೆ, ಫುಟ್ಬಾಲ್‌ನ ಚಿಕ್ಕ ಮಕ್ಕಳಿಗೆ ಸರಿಯಾಗಿ ಹೇಳ್ಕೊಡೋರು ಸಿಗೋದೇ ಕಷ್ಟ. ನಮ್ಮ ಹುಡುಗನಿಗೆ ಹತ್ತು ವರ್ಷ, ಟೀವೀಲಿ ಸುನಿಲ್ ಛೆಟ್ರಿ ಆಟ ನೋಡಿ ನೋಡಿ ಅದೇ ಬೇಕು ಅಂತ ಹಠ.

ಇದಕ್ಕೂ ಮುಂಚೆ ಬೇಸಿಗೆ ರಜದಾಗೆ ಬೇರೆ ಒಂದು ಕ್ಯಾಂಪಿಗೆ ಹಾಕಿದ್ದೆ, ಹೆಸರು ಬ್ಯಾಡ. ಅಲ್ಲಿ ಹೋದ ತಕ್ಷಣ ಐದು ರೌಂಡ್ ಓಡ್ಸೋರು, ಆಮೇಲೆ ಲೈನು, ಮೂವತ್ತು ಮಕ್ಕಳಿಗೆ ನಾಲ್ಕು ಬಾಲು, ಸರದಿ ಬಂದಾಗ ಒಂದ್ ಸಲ ಒದ್ದು ಮತ್ತೆ ಲೈನಿನ ಕೊನೆಗೆ ಹೋಗಿ ನಿಲ್ಲೋದು. ಒಂದಿನ ಕೂತು ಎಣಿಸ್ದೆ, ಒಂದು ಗಂಟೇಲಿ ಇವನ ಕಾಲಿಗೆ ಬಾಲ್ ತಾಗಿದ್ದು 14 ಸಲ. ಕೊನೆಗೆ ಮ್ಯಾಚ್ ಅಂತ ಇಡೀ ಮೈದಾನದಾಗೆ ಬಿಡೋರು, ಎತ್ತರ ಇರೋ ಮೂರು ಜನ ಹುಡುಗ್ರು ಆಡೋರು, ಉಳಿದೋರು ಹಿಂದೆ ಓಡೋರು ಅಷ್ಟೆ. ಮನೆಗೆ ಬಂದು ಮಾತೇ ಆಡ್ತಿರ್ಲಿಲ್ಲ ಹುಡುಗ.

ಇಲ್ಲಿ ಮೊದಲ ದಿನಾನೇ ಒಬ್ಬೊಬ್ರಿಗೆ ಒಂದೊಂದು ಬಾಲ್ ಕೊಟ್ರು. ಮೈ ಬೆಚ್ಚಗೆ ಮಾಡ್ಕೊಳ್ಳೋದೂ ಬಾಲ್ ಜೊತೇನೇ. ಆಮೇಲೆ ರೊಂಡೊ, ಅಂದ್ರೆ ನಾಲ್ಕು ಜನ ಸುತ್ತ ನಿಂತು ಪಾಸ್ ಮಾಡೋದು, ನಡುವೆ ಒಬ್ಬ ಕಿತ್ಕೊಳ್ಳಕ್ಕೆ ನೋಡೋದು, ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನ ದೊಡ್ಡ ಆಟಗಾರ್ರೂ ಪ್ರಾಕ್ಟೀಸಲ್ಲಿ ಆಡೋದು ಇದನ್ನೇ. ಕೊನೆ ಇಪ್ಪತ್ತು ನಿಮಿಷ ನಾಲ್ಕು ನಾಲ್ಕು ಜನರ ಆಟ, ಗೋಲ್ ಕೀಪರ್ ಇಲ್ಲ, ಕೋನ್ ಇಟ್ಟು ಮಾಡಿದ ಸಣ್ಣ ಗೋಲು. ಜಾಗ ಚಿಕ್ದು, ಜನ ಕಮ್ಮಿ, ಹಂಗಾಗಿ ಯಾವ ಮಗೂನೂ ಸುಮ್ನೆ ನಿಲ್ಲಕ್ಕೆ ಆಗಲ್ಲ, ಪಾಸ್ ಕೊಡ್ಲಾ ತಿರುಗ್ಲಾ ಅಂತ ತಾನೇ ನೋಡಿ ತಾನೇ ಯೋಚ್ನೆ ಮಾಡ್ಬೇಕು. ಸರ್ ಕೂಗಿ ಹೇಳಲ್ಲ, ಆಟ ನಿಲ್ಸಿ "ಎಡಗಡೆ ಯಾರಿದ್ರಪ್ಪಾ, ನೋಡಿದ್ಯಾ?" ಅಂತ ಕೇಳ್ತಾರೆ, ಅಷ್ಟೇ.

ನಂಗೆ ಈ ಕೋಚಿಂಗ್ ಮೇಲೆ ನಂಬಿಕೆ ಬಂದಿದ್ದು ಯಾವಾಗ ಅಂದ್ರೆ ಹುಟ್ಟಿದ ತಿಂಗಳ ವಿಷ್ಯ ಹೇಳಿದಾಗ. ಇವನು ನವೆಂಬರ್‌ನಲ್ಲಿ ಹುಟ್ಟಿದೋನು, ಗಿಡ್ಡ, ಸಣ್ಣ. ಬೇರೆ ಹುಡುಗ್ರು ತಳ್ಳಿ ಬಾಲ್ ತಗೊಂಡು ಹೋಗೋರು, ನಾನು ಇವನಿಗೆ ಇದು ಆಗಿಬರಲ್ಲ ಬಿಡಿಸ್ತೀನಿ ಸರ್ ಅಂದೆ. ಅವ್ರು ಕೂರ್ಸಿ ಹೇಳಿದ್ರು, ವಯಸ್ಸಿನ ಲೆಕ್ಕ ಜನವರಿ 1ರಿಂದ ಹಿಡೀತಾರಲ್ಲ ಸರ್, ಅದೇ ವರ್ಷ ಜನವರೀಲಿ ಹುಟ್ಟಿದ ಹುಡುಗ ನಿಮ್ಮ ಹುಡುಗನಿಗಿಂತ ಹತ್ತು ತಿಂಗಳು ದೊಡ್ಡೋನು, ಈ ವಯಸ್ಸಲ್ಲಿ ಹತ್ತು ತಿಂಗಳು ಅಂದ್ರೆ ಎತ್ತರ, ತೂಕ, ಓಟ ಎಲ್ಲದ್ರಲ್ಲೂ ಗೊತ್ತಾಗುತ್ತೆ, ನೋಡೋರ ಕಣ್ಣಿಗೆ ಅವನೇ ಚೆನ್ನಾಗಿ ಆಡ್ತಾನೆ ಅನ್ಸುತ್ತೆ, ಟೀಮಿಗೆ ಅವನ್ನೇ ತಗೋತಾರೆ, ಟೀಮಲ್ಲಿರೋನಿಗೆ ಹೆಚ್ಚು ಪ್ರಾಕ್ಟೀಸು ಹೆಚ್ಚು ಮ್ಯಾಚು, ಹಂಗಾಗಿ ಕೊನೆಗೆ ನಿಜವಾಗ್ಲೂ ಅವನೇ ಮುಂದೆ ಹೋಗ್ತಾನೆ, ನವೆಂಬರ್ ಹುಡುಗ ಬಿಟ್ಟು ಹೋಗಿರ್ತಾನೆ ಅಂತ. ಯುರೋಪಿನ ದೊಡ್ಡ ಕ್ಲಬ್‌ಗಳ ಮಕ್ಕಳ ಟೀಮಲ್ಲೂ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದೋರೇ ಜಾಸ್ತಿ ಇರ್ತಾರಂತೆ. ಮೆಸ್ಸಿಗೂ ಚಿಕ್ಕಂದಿನಲ್ಲಿ ಬೆಳವಣಿಗೆ ಹಾರ್ಮೋನ್ ಕೊರತೆ ಇತ್ತು, 2000ದಲ್ಲಿ 13 ವರ್ಷಕ್ಕೆ ಬಾರ್ಸಿಲೋನಾಕ್ಕೆ ಹೋದಾಗ ಚಿಕಿತ್ಸೆ ಖರ್ಚು ಕ್ಲಬ್ಬೇ ನೋಡ್ಕೊಂತು, ಗಿಡ್ಡ ಅಂತ ಕಳ್ಸಿದ್ರೆ ಏನಾಗ್ತಿತ್ತು ಹೇಳಿ ಅಂದ್ರು. ಅದಕ್ಕೆ ಇಲ್ಲಿ ವಾರದಲ್ಲಿ ಎರಡು ದಿನ ವಯಸ್ಸಿನ ಪ್ರಕಾರ ಆಡಿಸ್ತಾರೆ, ಭಾನುವಾರ ಮೈಕಟ್ಟು ನೋಡಿ ಗುಂಪು ಮಾಡ್ತಾರೆ. ಭಾನುವಾರದ ಆಟದಲ್ಲೇ ನಮ್ಮೋನು ಮೊದಲ ಸಲ ಒಬ್ಬನ್ನ ದಾಟ್ಕೊಂಡು ಹೋಗಿದ್ದು, ನಂಗೆ ಕಣ್ಣಲ್ಲಿ ನೀರು ಬಂತು.

ಒಂದೇ ಜಾಗಕ್ಕೆ ಕಟ್ಟಿ ಹಾಕಲ್ಲ ಅನ್ನೋದೂ ಒಳ್ಳೇದು, ಈ ವಾರ ಹಿಂದೆ, ಮುಂದಿನ ವಾರ ಮುಂದೆ. ಭಾನುವಾರ ದೊಡ್ಡ ಗುಂಪಿನ ಮ್ಯಾಚಲ್ಲಿ ಗ್ಲೌಸ್ ಹಾಕ್ಕೊಂಡು ಗೋಲಲ್ಲಿ ನಿಲ್ಲೋದೂ ಎಲ್ಲರ ಸರದಿ. ಹೆಡ್ಡಿಂಗ್ ಈಗ್ಲೇ ಹೇಳ್ಕೊಡಲ್ಲ. ಅಮೆರಿಕಾದಲ್ಲಿ 2015ರಲ್ಲೇ ಹತ್ತು ವರ್ಷ, ಅದಕ್ಕಿಂತ ಚಿಕ್ಕ ಮಕ್ಕಳು ತಲೇಲಿ ಬಾಲ್ ಹೊಡಿಯೋ ಹಂಗಿಲ್ಲ ಅಂತ ಮಾಡಿದಾರೆ, ಇಂಗ್ಲೆಂಡಲ್ಲಿ 2020ರಲ್ಲಿ ಪ್ರೈಮರಿ ಸ್ಕೂಲ್ ಮಕ್ಕಳ ಪ್ರಾಕ್ಟೀಸಲ್ಲಿ ಬ್ಯಾಡ ಅಂದಿದಾರೆ. ಬಾಲೂ ಅಷ್ಟೇ, ನಾನು ದೊಡ್ಡದೇ ಇರ್ಲಿ ಅಂತ 5ನೇ ಸೈಜ್ ತಂದಿದ್ದೆ, ಅದು 410ರಿಂದ 450 ಗ್ರಾಂ, ದೊಡ್ಡೋರದ್ದು. ಈ ವಯಸ್ಸಿಗೆ 4ನೇ ಸೈಜ್ ಸಾಕು, ಭಾರ ಇದ್ರೆ ಒದೆಯೋ ರೀತೀನೇ ಕೆಡುತ್ತೆ ಅಂದ್ರು, ವಾಪಸ್ ಕೊಟ್ಟು ನಿವಿಯಾ ಕಂಪ್ನಿದು ಚಿಕ್ದು ತಂದೆ.

ಜನವರೀಲಿ ಹಿಮ್ಮಡಿ ನೋವು ಅಂತ ಕುಂಟ್ತಿದ್ದ. ಸರ್ ಓಡು ಅಂತ ಅನ್ಲಿಲ್ಲ, ಮೊದ್ಲು ಡಾಕ್ಟರ್‌ಗೆ ತೋರ್ಸಿ ಅಂದ್ರು. ಬೆಳೆಯೋ ಮಕ್ಕಳಿಗೆ ಹಿಮ್ಮಡಿ ಮೂಳೆ ಹತ್ರ ಹಿಂಗೆ ಆಗುತ್ತೆ, ರೆಸ್ಟ್ ಕೊಡಿ ಅಂದ್ರು ಡಾಕ್ಟ್ರು. ಮೂರು ವಾರ ಬರೀ ಕೂತು ನೋಡಿದ, ಸರ್ ಅವನ ಕೈಗೆ ವಿಷಲ್ ಕೊಟ್ಟು ರೆಫರಿ ಮಾಡಿದ್ರು, ಅದು ಭಾಳ ಹಿಡಿಸ್ತು ನಂಗೆ.

ಇನ್ನೊಂದು, ಅಪ್ಪ ಅಮ್ಮಂದಿರು ಗೆರೆ ಹತ್ರ ನಿಂತು ಕೂಗೋ ಹಂಗಿಲ್ಲ. ನಾನೂ "ಹೊಡಿಯೋ, ಹೊಡಿ" ಅಂತ ಕೂಗ್ತಿದ್ದೆ, ನಿಮ್ಮ ದನಿ ಕೇಳಿದ ಕೂಡ್ಲೇ ಅವನು ಬಾಲ್ ಬಿಟ್ಟು ನಿಮ್ಮನ್ನ ನೋಡ್ತಾನೆ ಸರ್, ಗಮನಿಸಿ ಅಂದ್ರು. ಹೌದು, ನೋಡ್ತಿದ್ದ. ಅವತ್ತಿಂದ ಮರದ ಕೆಳಗೆ ಕೂರ್ತೀನಿ.

ಸರಿ ಇಲ್ಲದ್ದೂ ಹೇಳ್ಬೇಕು. ಹೆಣ್ಣುಮಕ್ಕಳು ಆರು ಜನ ಬರ್ತಾರೆ, ಅವ್ರಿಗೆ ಟಾಯ್ಲೆಟ್ ಇಲ್ಲ, ಇದು ಮೊದ್ಲು ಆಗ್ಬೇಕು, ಇಲ್ದಿದ್ರೆ ಆ ಮಕ್ಕಳು ನಿಂತು ಹೋಗ್ತಾವೆ. ಭಾನುವಾರ 40 ಮಕ್ಕಳಿಗೆ ಇಬ್ರೇ ಕೋಚು, ಸಾಲಲ್ಲ. ಮಳೆ ಬಂದ್ರೆ ಕ್ಲಾಸ್ ಇಲ್ಲ ಅಂತ ಮೆಸೇಜ್ ಬರೋದು ನಾವು ಗ್ರೌಂಡಿಗೆ ಬಂದು ನಿಂತ ಮೇಲೆ. ಫೀಸು ತಿಂಗಳಿಗೆ 1,200, ಆದ್ರೆ ಮೂರು ತಿಂಗಳದ್ದು ಒಟ್ಟಿಗೆ ಕೇಳ್ತಾರೆ, ದಿನಗೂಲಿ ಮನೆ ಮಕ್ಕಳಿಗೆ ಕಷ್ಟ. ಕೇಳಿದ್ರೆ ಕಂತಲ್ಲಿ ತಗೋತಾರೆ, ಆದ್ರೆ ಎಲ್ರಿಗೂ ಕೇಳಕ್ಕೆ ಬಾಯಿ ಬರಲ್ಲ, ಅವ್ರೇ ಮೊದ್ಲು ಹೇಳ್ಬೇಕು.

ಟ್ರಯಲ್‌ಗೆ ಹೋಗೋರು ಶನಿವಾರ ಬೆಳಿಗ್ಗೆ ಆರೂವರೆಗೆ ಹೋಗ್ರಿ, ಒಂದು ವಾರ ದುಡ್ಡು ತಗೊಳ್ಳಲ್ಲ. ನೆಲ ಗಟ್ಟಿ ಐತೆ, ಅಡೀಲಿ ಗುಬುಟು ಇರೋ ಸ್ಟಡ್ ಶೂ ತರಕ್ಕೆ ಹೋಗ್ಬೇಡಿ, ಕ್ಯಾನ್ವಾಸ್ ಸಾಕು. ಕುಡಿಯೋ ನೀರು ಅಲ್ಲಿ ಸಿಗಲ್ಲ, ಎರಡು ಬಾಟ್ಲಿ ಕಟ್ಟಿ ಕಳ್ಸಿ.