ಜೋಡಿ ಡೆಕ್ ಕೊಳ್ಳುವ ಮುಂಚೆ ಪಟ್ಟಿ ನೋಡಿ, ಪೆಟ್ಟಿಗೆಯ ಮಾತು ನಂಬಬೇಡಿ

ಒಂದು ಪೆಟ್ಟಿಗೆ, ಒಳಗೆ ಕಾರ್ಡ್ ಆಟದ ಎರಡು ಡೆಕ್, ಅಂದರೆ ತಲಾ 60 ಕಾರ್ಡಿನ ಕಟ್ಟು, ಬಿಚ್ಚಿದ ಕೂಡಲೇ ಇಬ್ಬರು ಕೂತು ಆಡಬಹುದು ಅನ್ನೋ ಭರವಸೆ. ಮೊದಲ ಆಟ ಮಜಾ, ಎರಡನೆಯದು ಪರವಾಗಿಲ್ಲ. ಐದನೆಯ ಆಟದ ಹೊತ್ತಿಗೆ ಸೋಲುವವರು ಯಾರು ಅಂತ ಎಲೆ ಕಲಸುವಾಗಲೇ ಗೊತ್ತಾಗಿಬಿಡುತ್ತೆ. ಸೋತವರಿಗೆ ‘ನಿನಗೆ ಆಡೋಕೇ ಬರಲ್ಲ’ ಅನ್ನೋ ಮಾತು ಬೇರೆ. ಆಮೇಲೆ ಪೆಟ್ಟಿಗೆ ಅಟ್ಟ ಸೇರುತ್ತೆ. ಬಹಳ ಸಲ ತಪ್ಪು ಆಡಿದವರದ್ದಲ್ಲ, ಡೆಕ್ ಕಟ್ಟಿದವರದ್ದು. ಆ ತಪ್ಪು ಕಾರ್ಡ್ ಪಟ್ಟಿಯಲ್ಲೇ ಕಾಣುತ್ತೆ, ಪಟ್ಟಿ ಆನ್‌ಲೈನಲ್ಲಿ ಪುಕ್ಕಟೆ ಸಿಗುತ್ತೆ.

ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟದ ‘ಡ್ಯುಯಲ್ ಡೆಕ್ಸ್’ ಸಾಲನ್ನೇ ತಗೊಳ್ಳಿ. 2007ರ ಎಲ್ವ್ಸ್ ವರ್ಸಸ್ ಗಾಬ್ಲಿನ್ಸ್‌ನಿಂದ 2018ರವರೆಗೆ ಬಂದವು, ಈಗ ಕೈ ಬದಲಾಗಿ ಸಿಗೋದೇ ಹೆಚ್ಚು. ಇವನ್ನು ಕಟ್ಟುವಾಗ ಸಮತೋಲನದ ಜೊತೆಗೆ ಕಥೆಯ ಜೋಡಿ, ಸಂಗ್ರಹಕಾರರಿಗೆ ಬೇಕಾದ ಹೊಸ ಚಿತ್ರ, ಹಳೆ ಕಾರ್ಡಿನ ಮರುಮುದ್ರಣ, ಎಲ್ಲವನ್ನೂ ತೂಗಿಸಬೇಕಿತ್ತು. ಹಾಗಾಗಿ ಎಲ್ಲ ಜೋಡಿಯೂ ಒಂದೇ ಹದದಲ್ಲಿ ಬಂದಿಲ್ಲ.

ಮೊದಲು ಲ್ಯಾಂಡ್ ಎಣಿಸಿ, ಅಂದರೆ ಬೇರೆ ಕಾರ್ಡ್ ಆಡಲು ಬೇಕಾದ ‘ಮಾನಾ’ ಅನ್ನೋ ಶಕ್ತಿ ಕೊಡುವ ಕಾರ್ಡ್. 60ರಲ್ಲಿ 24 ಲ್ಯಾಂಡ್ ಇದ್ದರೆ ಮೊದಲ ಏಳು ಕಾರ್ಡಿನಲ್ಲಿ ಲ್ಯಾಂಡೇ ಇಲ್ಲದ ಅಥವಾ ಒಂದೇ ಇರುವ ಸಾಧ್ಯತೆ ಸುಮಾರು 14%. ಅದೇ 20 ಲ್ಯಾಂಡ್ ಆದರೆ 25%. ಅಂದರೆ ನಾಲ್ಕರಲ್ಲೊಂದು ಕೈ ಶುರುವಿನಲ್ಲೇ ಕೆಟ್ಟಿತು. ಎಲ್ಲವೂ ಒಂದು, ಎರಡು ಮಾನಾದ ಗಾಬ್ಲಿನ್‌ಗಳೇ ಆಗಿದ್ದರೆ 20–22ರಲ್ಲಿ ಸಂಸಾರ ಸಾಗುತ್ತೆ. 20 ಲ್ಯಾಂಡ್ ಇಟ್ಟು ಐದಾರು ಮಾನಾದ ಕಾರ್ಡ್ ಎಂಟು ತುರುಕಿದ್ದರೆ ಆ ಡೆಕ್ ಮುಟ್ಟಬೇಡಿ. ಬಣ್ಣವನ್ನೂ ನೋಡಿ, ಆಯಾ ಬಣ್ಣದ ಕಾರ್ಡಿಗೆ ಆಯಾ ಬಣ್ಣದ ಮಾನಾನೇ ಬೇಕು. ಒಂದು ಕಡೆ ಒಂದೇ ಬಣ್ಣ, ಇನ್ನೊಂದು ಕಡೆ ಎರಡು ಬಣ್ಣಕ್ಕೆ ತಲಾ 12 ಮಾಮೂಲಿ ಲ್ಯಾಂಡ್, ಎರಡೂ ಬಣ್ಣ ಕೊಡುವ ಲ್ಯಾಂಡ್ ಒಂದೂ ಇಲ್ಲ ಅನ್ನಿ. ಆಗ ಬೇಕಾದ ಒಂದು ಬಣ್ಣ ಮೊದಲ ಕೈಯಲ್ಲಿ ಬಾರದೇ ಇರುವ ಸಾಧ್ಯತೆ 19%. ಎದುರಾಳಿಗೆ ಈ ತಲೆನೋವೇ ಇಲ್ಲ.

ಇಲ್ಲೇ ಇನ್ನೊಂದು ಗುಂಡಿ ಇದೆ. ಹಳೆ ಪೆಟ್ಟಿಗೆಯ ನಿಯಮದ ಚೀಟಿಯಲ್ಲಿ ಹಳೆ ಮಲಿಗನ್ ಇರುತ್ತೆ: ಕೈ ಬೇಡವಾದರೆ ಒಂದು ಕಾರ್ಡ್ ಕಮ್ಮಿ ಎತ್ತಿಕೊಳ್ಳಬೇಕು. 2019ರಿಂದ ನಿಯಮ ಬೇರೆ. ಮತ್ತೆ ಪೂರಾ ಏಳು ಎತ್ತಿ, ಎಷ್ಟು ಸಲ ಮಲಿಗನ್ ಮಾಡಿದ್ದೀರೋ ಅಷ್ಟು ಕಾರ್ಡನ್ನು ಆರಿಸಿ ಡೆಕ್ ಅಡಿಗೆ ಹಾಕಬೇಕು. ಲ್ಯಾಂಡಿಗೆ ಪರದಾಡುವ ಡೆಕ್‌ಗೆ ಇದೊಂದೇ ಎಷ್ಟೋ ಉಸಿರು ಕೊಡುತ್ತೆ. ಚೀಟಿ ಎಸೆದುಬಿಡಿ.

ಆಮೇಲೆ ಎರಡು ಪಟ್ಟಿಯನ್ನು ಎದುರುಬದುರು ಇಟ್ಟು ಓದಿ. ಒಂಟಿಯಾಗಿ ಓದಿದರೆ ಎರಡೂ ಚೆನ್ನಾಗೇ ಕಾಣುತ್ತವೆ. 2009ರ ಡಿವೈನ್ ವರ್ಸಸ್ ಡೀಮಾನಿಕ್‌ನಲ್ಲಿ ಬಿಳಿ ಡೆಕ್‌ಗೆ ಅಕ್ರೋಮಾ, ಏಂಜೆಲ್ ಆಫ್ ರಾತ್ ಇದ್ದಾಳೆ: 8 ಮಾನಾ, 6/6 (ಹೊಡೆತ 6, ತಾಳಿಕೆ 6), ಹಾರುತ್ತಾಳೆ, ಬಂದ ಸರದಿಯಲ್ಲೇ ಹೊಡೆಯುತ್ತಾಳೆ, ಮೇಲಿಂದ ಕಪ್ಪು ಮತ್ತು ಕೆಂಪಿನಿಂದ ‘ಪ್ರೊಟೆಕ್ಷನ್’. ಎದುರಿರೋದು ಕಪ್ಪು ಡೆಕ್. ಅದರ ಕಪ್ಪು ಕ್ರೀಚರ್‌ಗಳು (ಕಾದಾಡುವ ಜೀವಿಗಳು) ಅವಳನ್ನು ಬ್ಲಾಕ್ ಮಾಡುವಂತಿಲ್ಲ, ಅವಳತ್ತ ಬೆರಳು ತೋರಿಸಿ ಕೊಲ್ಲುವ ಕಪ್ಪು ಸ್ಪೆಲ್ (ಮಂತ್ರದ ಕಾರ್ಡ್) ತಟ್ಟುವುದಿಲ್ಲ. ‘ನಿನ್ನ ಒಂದು ಕ್ರೀಚರ್ ನೀನೇ ಬಲಿಕೊಡು’ ಅನ್ನೋ ಜಾತಿಯ ಕಾರ್ಡ್ ಕೆಲಸಕ್ಕೆ ಬರುತ್ತೆ, ಯಾಕೆಂದರೆ ಅದು ಅವಳನ್ನು ಗುರಿಯಿಡುವುದಿಲ್ಲ. ಕಪ್ಪು ಡೆಕ್‌ನ ದೊಡ್ಡಣ್ಣ ಲಾರ್ಡ್ ಆಫ್ ದಿ ಪಿಟ್: 7 ಮಾನಾ, 7/7, ಹಾರುತ್ತಾನೆ. ಆದರೆ ನಿಮ್ಮ ಪ್ರತಿ ಸರದಿ ಶುರುವಿನಲ್ಲಿ ಬೇರೊಂದು ಕ್ರೀಚರ್ ಬಲಿ ಕೊಡಬೇಕು, ಇಲ್ಲವಾದರೆ ನಿಮಗೇ 7 ಹಾನಿ. ಹೆಸರುವಾಸಿ ಎರಡು ಕಾರ್ಡ್, ತೂಕ ಮಾತ್ರ ಒಂದೇ ಅಲ್ಲ.

ಹಾಗಂತ ಅಕ್ರೋಮಾಳನ್ನು ಕಿತ್ತು ಹಾಕಿದರೆ ಎಲ್ಲ ಸರಿಹೋಯಿತು ಅಂದ್ಕೋಬೇಡಿ. ಡೆಕ್‌ನಲ್ಲಿ ಒಂದೇ ಪ್ರತಿ ಇರುವ ಕಾರ್ಡ್, ಎರಡನೆಯದಾಗಿ ಆಡುವವರಿಗೆ ಎಂಟನೇ ಸರದಿಯೊಳಗೆ, ಅಂದರೆ 15 ಕಾರ್ಡ್ ಕಂಡ ಮೇಲೂ, ಬರುವ ಸಾಧ್ಯತೆ 25%. ಉಳಿದ ಮುಕ್ಕಾಲು ಪಾಲು ಆಟ ಸದ್ದಿಲ್ಲದ ಮಾಮೂಲಿ ಕಾರ್ಡ್‌ಗಳ ಮೇಲೆ ನಡೆಯುತ್ತೆ. ಹಾಗಾಗಿ ಎರಡು, ಮೂರು ಮಾನಾಕ್ಕೆ ಕ್ರೀಚರ್ ತೆಗೆಯುವ ಕಾರ್ಡ್ ಪ್ರತಿ ಕಡೆ ಎಷ್ಟಿವೆ, ಹಾರುವ ಕ್ರೀಚರ್ ಒಂದೇ ಕಡೆ ಗುಡ್ಡೆ ಬಿದ್ದಿದೆಯೇ, ಇನ್ನೊಂದು ಕಡೆ ಹಾರುವವರನ್ನು ತಡೆಯೋಕೆ ಏನಿದೆ, ಇವನ್ನು ಎಣಿಸಿ. ಒಂದು ಕಡೆ ಎಂಟು, ಇನ್ನೊಂದು ಕಡೆ ಮೂರು ಅಂತ ಬಂದರೆ ಫಲಿತಾಂಶ ಅಲ್ಲೇ ಬರೆದಿದೆ.

ಪಟ್ಟಿಯಲ್ಲಿ ಕಾಣದ ಅಸಮತೋಲನವೂ ಉಂಟು. ಕೆಂಪು ಡೆಕ್ ತಾನಾಗೇ ಓಡುತ್ತೆ: ಕ್ರೀಚರ್ ಇಳಿಸು, ಹೊಡೆ, ಎದುರಾಳಿಯ ಉಳಿದ ಮೂರು ಜೀವಕ್ಕೆ ಬೆಂಕಿ ಎಸೆ. ನೀಲಿ ಡೆಕ್ ಹಾಗಲ್ಲ. ನಿಮ್ಮ ಸರದಿಯಲ್ಲಿ ಏನೂ ಆಡದೆ ಎರಡು ಲ್ಯಾಂಡ್ ಎತ್ತಿಟ್ಟುಕೊಂಡು, ಎದುರಾಳಿಯ ಯಾವ ಸ್ಪೆಲ್ ತಡೆಯಬೇಕು, ಯಾವುದನ್ನು ಬಿಡಬೇಕು ಅಂತ ಗೊತ್ತಿರಬೇಕು. ಅದಕ್ಕೆ ಎದುರಿನ 60 ಕಾರ್ಡೂ ಬಾಯಿಪಾಠ ಆಗಿರಬೇಕು. ಹೊಸಬರ ಕೈಗೆ ನೀಲಿ ಕೊಟ್ಟು ‘ಡೆಕ್ ಸರಿಯಿಲ್ಲ’ ಅನ್ನೋದು ಅನ್ಯಾಯ.

ಕತ್ತರಿ ಹಿಡಿಯುವ ಮುಂಚೆ ಸಾಕಷ್ಟು ಆಡಿ. ಎರಡು ಡೆಕ್ ನಿಜಕ್ಕೂ ಸಮ ಇದ್ದರೂ 10 ಆಟದಲ್ಲಿ ಯಾವುದೋ ಒಂದು ಕಡೆಗೆ 7 ಅಥವಾ ಹೆಚ್ಚು ಗೆಲುವು ಬರುವ ಸಾಧ್ಯತೆ 34%. 7–3 ಅನ್ನೋದು ಪುರಾವೆಯೇ ಅಲ್ಲ. 20 ಆಟದಲ್ಲಿ 15–5 ಅಥವಾ ಅದಕ್ಕಿಂತ ದೊಡ್ಡ ಅಂತರ ಸಮ ಡೆಕ್‌ಗಳಿಗೆ ಬರೀ ಅದೃಷ್ಟದಿಂದ ಬರುವ ಸಾಧ್ಯತೆ 4%, ಹಾಗೆ ಬಂದರೆ ಅನುಮಾನಪಡಿ. ಹತ್ತು ಆಟ ಆದ ಮೇಲೆ ಡೆಕ್ ಅದಲುಬದಲು ಮಾಡಿಕೊಳ್ಳಿ, ಮೊದಲು ಆಡುವ ಸರದಿಯನ್ನು ಡೆಕ್‌ಗಳ ನಡುವೆ ಸಮನಾಗಿ ಹಂಚಿ, ಬರೆದಿಡಿ. ಇಲ್ಲದಿದ್ದರೆ ಅಳೆಯುತ್ತಿರೋದು ಡೆಕ್ಕನ್ನೋ ಆಟಗಾರನನ್ನೋ ತಿಳಿಯಲ್ಲ.

ಸರಿಪಡಿಸೋದಾದರೆ ಸೋಲುವ ಡೆಕ್‌ಗೆ ಹೊಸ ಭಾರಿ ಕಾರ್ಡ್ ಕೊಂಡು ತುಂಬಬೇಡಿ. ನಾಳೆ ಇನ್ನೊಂದು ಕಡೆಗೂ ಕೊಳ್ಳಬೇಕಾಗುತ್ತೆ, ಇದಕ್ಕೆ ಕೊನೆಯಿಲ್ಲ. ಗೆಲ್ಲುವ ಡೆಕ್‌ನಿಂದ ಎರಡು ಕಾರ್ಡ್ ತೆಗೆದು ಅಷ್ಟೇ ಮಾನಾದ ಸಪ್ಪೆ ಕಾರ್ಡ್ ಹಾಕಿ, ಮತ್ತೆ ಇಪ್ಪತ್ತು ಆಟ ಆಡಿ. ಸೋಲುವ ಕಡೆಗೆ ಶುರುವಿನಲ್ಲಿ 20ರ ಬದಲು 25 ಜೀವ ಕೊಡುವ ಉಪಾಯ ಬೆಂಕಿ ಡೆಕ್ ಎದುರು ಫಲಿಸುತ್ತೆ. ನಿಧಾನವಾಗಿ ಕುತ್ತಿಗೆ ಹಿಚುಕುವ ಡೆಕ್ ಎದುರು ಅದು ಸೋಲನ್ನು ಉದ್ದ ಮಾಡುತ್ತೆ ಅಷ್ಟೆ.

ಬೇರೆಬೇರೆ ವರ್ಷದ ಎರಡು ಒಂಟಿ ಡೆಕ್ಕನ್ನು ಜೋಡಿ ಅಂತ ಕಟ್ಟಿ ಮಾರುವವರಿದ್ದಾರೆ, ಅವರಿಂದ ದೂರ ಇರಿ. ಪೋಕೆಮಾನ್ ಕಾರ್ಡ್ ಆಟದಲ್ಲಂತೂ ಇದು ತಮಾಷೆಯಾಗಿಬಿಡುತ್ತೆ. ಮೊದಲ ಬೇಸ್ ಸೆಟ್‌ನ ಚಾರಿಜಾರ್ಡ್‌ಗೆ 120 ಎಚ್‌ಪಿ (ತಾಳಬಲ್ಲ ಹಾನಿ), ಹೊಡೆತ 100. 2023ರ ಅಬ್ಸಿಡಿಯನ್ ಫ್ಲೇಮ್ಸ್‌ನ ಚಾರಿಜಾರ್ಡ್ ಇಎಕ್ಸ್‌ಗೆ 330 ಎಚ್‌ಪಿ. ಹಳೆಯದು ಹೊಸದನ್ನು ಬೀಳಿಸಲು ನಾಲ್ಕು ಸಲ ಹೊಡೆಯಬೇಕು, ಅಷ್ಟರಲ್ಲಿ ಅದೇ ನೆಲ ಕಚ್ಚಿರುತ್ತೆ. ಇಎಕ್ಸ್ ಬಿದ್ದರೆ ಒಂದರ ಬದಲು ಗೆಲುವಿಗೆ ಎಣಿಸುವ ಪ್ರೈಜ್ ಕಾರ್ಡ್ ಎರಡು ಸಿಗುತ್ತೆ ಅನ್ನೋ ಸಮಾಧಾನವೂ ಇಲ್ಲಿ ಸಾಲದು.

ಬಳಸಿದ ಪೆಟ್ಟಿಗೆಯಾದರೆ ಎರಡೂ ಡೆಕ್ಕನ್ನು ಪಟ್ಟಿಗೆ ತಾಳೆ ಹಾಕಿ, ಬರೀ 60 ಎಣಿಸಿ ಸುಮ್ಮನಾಗಬೇಡಿ. ಕಾರ್ಡಿನ ಬೆನ್ನು ಎರಡಕ್ಕೂ ಒಂದೇ, ಹಾಗಾಗಿ ಹಿಂದಿನವರು ಬೆರೆಸಿದ್ದರೂ, ಒಳ್ಳೆ ಕಾರ್ಡ್ ತೆಗೆದು ಲ್ಯಾಂಡ್ ಸೇರಿಸಿದ್ದರೂ ಎಣಿಕೆಯಲ್ಲಿ ತಿಳಿಯಲ್ಲ. ತಾಳೆಯಾದ ಮೇಲೆ ಎರಡಕ್ಕೂ ಬೇರೆಬೇರೆ ಬಣ್ಣದ ಸ್ಲೀವ್ (ಪ್ಲಾಸ್ಟಿಕ್ ಕವಚ) ಹಾಕಿ, ಬದಲಿಸಿದ ಕಾರ್ಡುಗಳ ಹೆಸರು ಬರೆದ ಚೀಟಿಯೊಂದನ್ನು ಪೆಟ್ಟಿಗೆಯಲ್ಲೇ ಇಡಿ.