ಟ್ರೇಲರ್‌ಗೆ ಕವರ್ ತಗೊಳೋ ಮುಂಚೆ ಓದಿ: “100% ವಾಟರ್‌ಪ್ರೂಫ್” ಕವರೇ ನಮ್ಮ ಟ್ರೇಲರ್ ಹಾಳು ಮಾಡ್ತು

ಕ್ಯಾಂಪಿಂಗ್ ಟ್ರೇಲರ್ (ಕಾರಿನ ಹಿಂದೆ ಎಳ್ಕೊಂಡು ಹೋಗೋ ಪುಟ್ಟ ಮನೆ ಥರದ್ದು) ಇಟ್ಕೊಂಡು, ಅದನ್ನ ತಿಂಗಳುಗಟ್ಟಲೆ ಬಯಲಲ್ಲಿ ನಿಲ್ಸಿ ಮೇಲೊಂದು ಕವರ್ ಹೊದಿಸೋರು ಯಾರೇ ಇದ್ರೂ ಇದನ್ನ ಪೂರ್ತಿ ಓದಿ. ಸ್ವಲ್ಪ ಉದ್ದ ಆಗುತ್ತೆ, ಆದ್ರೆ ನಮಗಾದ ನಷ್ಟ ಇನ್ನೊಬ್ರಿಗೆ ಆಗೋದು ಬೇಡ ಅಂತ ಎಲ್ಲಾ ಬಿಡಿಸಿ ಬರೀತಿದೀನಿ.

ನಾವು ತಗೊಂಡ ಕವರ್ ಪ್ಯಾಕೆಟ್ ಮೇಲೆ “100% ವಾಟರ್‌ಪ್ರೂಫ್, ಬ್ರೀದಬಲ್, ನಾಲ್ಕು ಲೇಯರ್” ಅಂತ ದೊಡ್ಡಕ್ಷರದಲ್ಲಿ ಇತ್ತು. ಬ್ರೀದಬಲ್ ಅಂದ್ರೆ ಒಳಗಿನ ನೀರಾವಿ ಆಚೆ ಹೋಗೋಕೆ ಬಿಡೋ ಬಟ್ಟೆ. ಅವರ ಚಾರ್ಟ್ ನೋಡಿ ಸೈಜ್ ಆರಿಸಿ, ಅವರ ವಿಡಿಯೋದಲ್ಲಿ ತೋರ್ಸಿದ ಹಾಗೇ ಟ್ರೇಲರ್ ತೊಳೆದು ಒಣಗಿಸಿ, ಸ್ಟ್ರಾಪ್ ಎಳೆದು ಬಕಲ್ ಹಾಕಿ ನಿಲ್ಸಿದ್ವಿ. ಸೀಸನ್ ಬಂದಾಗ ಕವರ್ ತೆಗೆದು ಬಾಗಿಲು ತೆರೆದ್ರೆ ಗಪ್ಪಂತ ಮೂಗಿಗೆ ಹೊಡೀತು ಮುಗ್ಗಲು ವಾಸನೆ. ಹಾಸಿಗೆಯ ಫೋಮ್ ಎತ್ತಿ ನೋಡಿದ್ರೆ ಅದು ಪ್ಲೈವುಡ್‌ಗೆ ತಾಗಿದ್ದ ಕಡೆಯೆಲ್ಲಾ ಕಪ್ಪು ಚುಕ್ಕೆ, ಬೆರಳಿಟ್ರೆ ಅಂಟಂಟು. ಕಪಾಟಿನ ಒಳಮೂಲೆಗಳಲ್ಲಿ ಬಿಳಿ ಬೂಷ್ಟು. ಹೊರಗೆ ಬಂದು ನೋಡಿದ್ರೆ ಮುಂದಿನ ದೊಡ್ಡ ಅಕ್ರಿಲಿಕ್ (ಗಾಜಿನ ಥರ ಕಾಣೋ ಪ್ಲಾಸ್ಟಿಕ್) ಕಿಟಕಿ ಮಂಜು ಮಂಜಾಗಿದೆ, ಎಷ್ಟು ಒರೆಸಿದ್ರೂ ಹೋಗ್ತಿಲ್ಲ. ಎರಡೂ ಬದಿಯಲ್ಲಿ ಪೇಂಟ್ ಹೊಳಪು ಪಟ್ಟೆ ಪಟ್ಟೆಯಾಗಿ ಹೋಗಿದೆ, ಬಕಲ್ ಬಡೀತಿದ್ದ ಜಾಗದಲ್ಲಿ ಬಾಗಿದ ಗೀರುಗಳು, ಒಂದ್ರ ಮೇಲೊಂದು.

ಮಾರಿದೋರಿಗೆ ಫೋಟೋ ಕಳಿಸಿದ್ವಿ. ಮತ್ತೆ ಫೋಟೋ ಕೇಳಿದ್ರು, ಬಿಲ್ ಕೇಳಿದ್ರು, ಎಲ್ಲಾ ಕೊಟ್ಟ ಮೇಲೆ ವಾರಂಟಿ ಇರೋದು ಹೊಲಿಗೆಗೆ ಮತ್ತೆ ಬಟ್ಟೆಗೆ ಮಾತ್ರ, ಗಾಳಿಯಿಂದ ಆದದ್ದು, ತೇವದಿಂದ ಆದದ್ದು, ಒಳಗಿರೋ ವಾಹನಕ್ಕೆ ಆದದ್ದು ಯಾವುದೂ ಬರಲ್ಲ ಅಂತ ಉತ್ತರ ಬಂತು. ಹಾಗಾಗಿ ಮೊದಲ ಮಾತು, ವಾರಂಟಿ ಎಷ್ಟು ವರ್ಷ ಅನ್ನೋದನ್ನ ಬಿಟ್ಟು ಅದ್ರಲ್ಲಿ ಏನೇನು ಬರಲ್ಲ ಅನ್ನೋ ಪ್ಯಾರಾ ಓದಿ. ಟ್ರೇಲರ್ ಕಾಪಾಡೋಕೇ ಅಂತ ಮಾರೋ ವಸ್ತು, ಟ್ರೇಲರ್‌ಗೆ ಏನಾದ್ರೂ ಆದ್ರೆ ನಮಗೆ ಸಂಬಂಧ ಇಲ್ಲ ಅಂತ ಬರ್ಕೊಂಡಿರ್ತಾರೆ, ನನಗೆ ಇದು ಶುದ್ಧ ಅನ್ಯಾಯ ಅನ್ಸುತ್ತೆ.

ಈಗ ಕವರ್ ಸೋರ್ತಿತ್ತಾ ಅಂತ ಎಲ್ರೂ ಕೇಳ್ತಾರೆ. ಇಲ್ಲ, ಒಂದು ಹನಿ ಮಳೆ ನೀರೂ ಒಳಗೆ ಬಂದಿರ್ಲಿಲ್ಲ, ವಾಟರ್‌ಪ್ರೂಫ್ ಅಂದಿದ್ದು ನಿಜವೇ. ತೊಂದ್ರೆ ಇರೋದೇ ಅಲ್ಲಿ. ಹಗಲು ಬಿಸಿಲಿಗೆ ಕವರ್ ಕಾದಾಗ ಒಳಗಿನ ಮರ, ಫೋಮ್, ಪರದೆ, ಕೆಳಗಿನ ನೆಲ ಎಲ್ಲದ್ರಿಂದ ತೇವ ಆವಿಯಾಗಿ ಏಳುತ್ತೆ, ಬಿಸಿ ಗಾಳಿ ಅದನ್ನ ಹಿಡ್ಕೊಳುತ್ತೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚಂದ್ರೆ ಸುಮಾರು 30 ಗ್ರಾಂ ನೀರಾವಿ ಹಿಡ್ಕೊಳುತ್ತೆ, ಅದೇ ಗಾಳಿ 15 ಡಿಗ್ರಿಗೆ ಇಳಿದ್ರೆ ಸುಮಾರು 13 ಗ್ರಾಂ ಅಷ್ಟೇ. ರಾತ್ರಿ ತಣ್ಣಗಾದಾಗ ಮಿಕ್ಕಿದ್ದೆಲ್ಲಾ ನೀರಾಗಿ ಕವರ್‌ನ ಒಳಮೈಗೆ, ಟ್ರೇಲರ್ ಗೋಡೆಗೆ, ಕಿಟಕಿ ಫ್ರೇಮ್‌ಗೆ ಕೂರುತ್ತೆ, ಬಿಸಿ ಪಾತ್ರೆ ಮುಚ್ಚಳ ಒಳಗಡೆ ಬೆವರೋ ಹಾಗೆ. ಬಟ್ಟೆ ಆವಿ ಬಿಡೋ ಥರದ್ದಾಗಿದ್ರೆ ಹಗಲಲ್ಲಿ ಅದು ಆಚೆ ಹೋಗುತ್ತೆ, ನಮ್ಮದು ಬಿಡ್ಲಿಲ್ಲ, ಹಾಗಾಗಿ ಅದೇ ನೀರು ದಿನಾ ಏಳೋದು ದಿನಾ ಕೂರೋದು. ಒದ್ದೆಯಾದ ವಸ್ತು 24ರಿಂದ 48 ಗಂಟೆ ಒಳಗೆ ಒಣಗದಿದ್ರೆ ಬೂಷ್ಟು ಹಿಡಿಯೋಕೆ ಶುರು ಆಗ್ಬಹುದು, ಇಲ್ಲಿ ತಿಂಗಳುಗಟ್ಟಲೆ ಒಣಗಲೇ ಇಲ್ಲ. ನೀಲಿ ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸೋರಿಗೂ ಇದೇ ಮಾತು, ಅದು ಇನ್ನೂ ಕೆಟ್ಟದು, ಎರಡು ದಿನಕ್ಕೆ ಸೋರೋ ಜಾಗ ಮುಚ್ಚೋಕೆ ಸರಿ, ತಿಂಗಳುಗಟ್ಟಲೆ ಸುತ್ತಿಡೋಕೆ ಖಂಡಿತ ಬೇಡ.

ಹಾಗಾದ್ರೆ ಬ್ರೀದಬಲ್ ಅಂತ ಬರೆದಿತ್ತಲ್ಲ? ಬರೆದಿತ್ತು. ಮೇಲಿನ ಬಟ್ಟೆ ಏನೋ ಚೆನ್ನಾಗೇ ಇತ್ತು, ಒಳಗಡೆ ತೆಳ್ಳನೆ ಪ್ಲಾಸ್ಟಿಕ್ ಕೋಟಿಂಗ್ ಹಚ್ಚಿದ್ರು, ಹಾಳಾದ ಮೇಲೆ ಒಂದು ತುಂಡು ಕತ್ತರಿಸಿ ನೋಡಿದಾಗ ಗೊತ್ತಾಯ್ತು. ಇದನ್ನ ಮನೇಲೇ ಪರೀಕ್ಷೆ ಮಾಡ್ಬಹುದು: ಒಂದು ಲೋಟ ತುಂಬಾ ಬಿಸಿ ನೀರು ಹಾಕಿ, ಬಾಯಿಗೆ ಆ ಬಟ್ಟೆ ಬಿಗಿಯಾಗಿ ಮುಚ್ಚಿ, ಅದ್ರ ಮೇಲೆ ಒಣಗಿದ ಗಾಜಿನ ಲೋಟ ಕವುಚಿ ಇಡಿ. ಬಟ್ಟೆ ಆವಿ ಬಿಡ್ತಿದ್ರೆ ಸ್ವಲ್ಪ ಹೊತ್ತಲ್ಲಿ ಮೇಲಿನ ಗಾಜು ಮಂಜಾಗುತ್ತೆ, ಇಲ್ಲಾಂದ್ರೆ ಗಾಜು ಹಾಗೇ ಇರುತ್ತೆ, ಬಟ್ಟೆಯ ಕೆಳಗಡೆ ಹನಿ ಕಟ್ಟುತ್ತೆ. ನಮ್ಮದು ಹನಿ ಕಟ್ತು. ಬಾಯಲ್ಲಿ ಊದಿ ನೋಡೋ ಪರೀಕ್ಷೆ ನಂಬ್ಬೇಡಿ, ಕೆಲವು ಒಳ್ಳೇ ಮೆಂಬ್ರೇನ್‌ಗಳು (ಬಟ್ಟೆಗೆ ಅಂಟಿಸೋ ತೆಳು ಪೊರೆಗಳು) ಗಾಳಿ ಬಿಡಲ್ಲ ಆದ್ರೆ ಆವಿ ಬಿಡ್ತವೆ. ಸ್ಯಾಂಪಲ್ ತುಂಡು ಕಳಿಸಿ ಅಂತ ಕೇಳಿ, ಕಳಿಸಲ್ಲ ಅಂದ್ರೆ ಬೇರೆ ಕಡೆ ನೋಡಿ ಅನ್ನೋದು ನನ್ನ ಅಭಿಪ್ರಾಯ.

ಈ ಲೇಯರ್ ಲೆಕ್ಕಕ್ಕೂ ಮರುಳಾಗ್ಬೇಡಿ. ಎಷ್ಟೋ ಕವರ್‌ಗಳಲ್ಲಿ ಆ ನಾಲ್ಕು ಲೇಯರ್ ಛಾವಣಿ ಮೇಲೆ ಮಾತ್ರ, ಬದಿಗೆ ಒಂದೇ. ಡಿನಿಯರ್ ಅಂತ ಹಾಕಿರ್ತಾರಲ್ಲ, 300, 600 ಅಂತ, ಅದು 9,000 ಮೀಟರ್ ನೂಲಿನ ತೂಕ ಗ್ರಾಂನಲ್ಲಿ, ಅಂದ್ರೆ ನೂಲು ಎಷ್ಟು ದಪ್ಪ ಅಂತ ಹೇಳುತ್ತೆ ಅಷ್ಟೇ, ಬಿಸಿಲಿಗೆ ತಡೆಯುತ್ತಾ, ಆವಿ ಬಿಡುತ್ತಾ ಅನ್ನೋದು ಅದ್ರಲ್ಲಿ ಇಲ್ಲ. ಕಡಿಮೆ ರೇಟಿನ ಕವರ್‌ಗಳು ಹೆಚ್ಚಾಗಿ ನೇಯದೇ ಒತ್ತಿ ಮಾಡಿದ ಪಾಲಿಪ್ರೊಪಿಲೀನ್, ಆವಿ ಬಿಡುತ್ತೆ, ಹಗುರ, ಆದ್ರೆ ಬಿಸಿಲಿನ ಯುವಿ ಕಿರಣ ತಡೆಯೋ ಕೆಮಿಕಲ್ ಸರಿಯಾಗಿ ಸೇರಿಸಿಲ್ಲ ಅಂದ್ರೆ ಬಿಸಿಲಿಗೆ ಬೇಗ ಪುಡಿಯಾಗುತ್ತೆ, ಅಂಗೈಯಲ್ಲಿ ಉಜ್ಜಿದ್ರೆ ಪುಡಿ ಅಂಟಿದ್ರೆ ಅದ್ರ ಆಯಸ್ಸು ಮುಗೀತು ಅಂತ. ಪಾಲಿಯೂರಿಥೇನ್ ಕೋಟಿಂಗ್ ಇರೋ ಪಾಲಿಯೆಸ್ಟರ್ ಗಟ್ಟಿ, ಹರಿಯೋದು ಕಡಿಮೆ, ಆದ್ರೆ ಬಿಸಿ ಮತ್ತೆ ತೇವದಲ್ಲಿ ಕೋಟಿಂಗ್ ಅಂಟಂಟಾಗಿ ಸುಲಿದು ಬರುತ್ತೆ, ಒದ್ದೆ ಇದ್ದಾಗಲೇ ಮಡಚಿ ಇಟ್ರಂತೂ ಇನ್ನೂ ಬೇಗ. ನೂಲಿಗೇ ಬಣ್ಣ ಸೇರಿಸಿ ನೇಯ್ದ ಅಕ್ರಿಲಿಕ್ ಬಟ್ಟೆ ಇದೆಯಲ್ಲ, ದೋಣಿ ಕವರ್‌ಗೆ, ಹೊರಗಿನ ಮೇಲಾಪುಗಳಿಗೆ ಬಳಸೋದು, ಅದು ಬಿಸಿಲಿಗೂ ಬಾಳುತ್ತೆ ಆವಿನೂ ಬಿಡುತ್ತೆ. ರೇಟು ಜಾಸ್ತಿ, ತೂಕನೂ ಜಾಸ್ತಿ, ಆದ್ರೂ ವರ್ಷಗಟ್ಟಲೆ ಬಯಲಲ್ಲೇ ನಿಲ್ಸೋರು ಅದನ್ನೇ ನೋಡಿ ಅಂತೀನಿ.

ಇನ್ನು ಕಿಟಕಿ, ಪೇಂಟ್ ವಿಷಯ. ಇದು ಗಾಳಿ ಕೆಲಸ. ಚಾರ್ಟಲ್ಲಿ ಟ್ರೇಲರ್ ಉದ್ದ ಅಂತಷ್ಟೇ ಇತ್ತು, ಯಾವ ಉದ್ದ ಅಂತ ಇರ್ಲಿಲ್ಲ. ಟ್ರೇಲರ್ ಜೊತೆ ಬರೋ ಪುಸ್ತಕದಲ್ಲಿ ಕೊಡೋ ಉದ್ದ ಸಾಮಾನ್ಯವಾಗಿ ಗಾಡಿಗೆ ಸಿಕ್ಕಿಸೋ ಕಪ್ಲರ್ ತುದಿವರೆಗೂ ಸೇರಿಸಿ ಇರುತ್ತೆ, ಕವರ್‌ಗೆ ಬೇಕಾಗಿರೋದು ಬರೀ ಡಬ್ಬಿ ಭಾಗದ ಉದ್ದ, ಜೊತೆಗೆ ಹಿಂದೆ ನೇತುಹಾಕಿರೋ ಸ್ಟೆಪ್ನಿ, ಏಣಿ, ಮುಂದಿನ ಗ್ಯಾಸ್ ಬಾಕ್ಸ್ ಇದ್ರೆ ಅದು. ಟೇಪ್ ಹಿಡಿದು ನೀವೇ ಅಳೆಯಿರಿ, ಎತ್ತರ ಅಳೆಯುವಾಗ ಛಾವಣಿ ಮೇಲಿನ ಎಸಿನೂ ಲೆಕ್ಕಕ್ಕೆ ಬರುತ್ತಾ ಅಂತ ಮಾರೋರನ್ನೇ ಬಾಯಿಬಿಟ್ಟು ಕೇಳಿ. ನಮ್ಮ ಕವರ್ ಅವರ ಚಾರ್ಟ್ ಪ್ರಕಾರ ಸರಿಯಾಗಿದ್ರೂ ಮುಂದೆ ಜೋಲು ಬಿದ್ದಿತ್ತು, ಆ ಜೋಲಿಗೆ ಗಾಳಿ ತುಂಬಿ ಹಗಲೂ ರಾತ್ರಿ ಪಟಪಟ ಬಡೀತಿತ್ತು. ಕವರ್ ಒಳಗೆ ಸೇರಿದ ಧೂಳು, ಸಣ್ಣ ಮರಳು ಬಟ್ಟೆಗೂ ಪೇಂಟಿಗೂ ಮಧ್ಯೆ ಸಿಕ್ಕಿ ಉಜ್ಜಿ ಉಜ್ಜಿ ಹೊಳಪು ತೆಗೀತು. ಅಕ್ರಿಲಿಕ್ ಗಾಜಿಗಿಂತ ಎಷ್ಟೋ ಮೆತ್ತಗೆ, ಅದಕ್ಕೇ ಕಿಟಕಿಗೆ ಮೊದ್ಲು ಪೆಟ್ಟು. ಒಳಮೈ ಪಿವಿಸಿ ಇರೋ ಕವರ್ ಆದ್ರೆ ಇನ್ನೊಂದು ತೊಂದ್ರೆ, ಪಿವಿಸಿ ಮೆತ್ತಗಾಗ್ಲಿ ಅಂತ ಹಾಕೋ ಪ್ಲಾಸ್ಟಿಸೈಸರ್ ಅಕ್ರಿಲಿಕ್‌ಗೆ ತಾಗಿ ತಾಗಿ ಕೂದಲೆಳೆ ಬಿರುಕು ಬರ್ಬಹುದು. ಕವರ್ ಹಾಕೋ ಮುಂಚೆ ಕಿಟಕಿಗಳ ಮೇಲೆ ಮೆತ್ತಗಿನ ಶುದ್ಧ ಹತ್ತಿ ಬಟ್ಟೆ ಬರೋ ಹಾಗೆ ಮಾಡಿ, ಕಿಟಕಿ ತೊಳೆಯೋಕೆ ನೀರು ಮತ್ತೆ ಮೆತ್ತಗಿನ ಸೋಪು ಮಾತ್ರ, ಆಲ್ಕೋಹಾಲ್ ಅಥವಾ ಅಮೋನಿಯಾ ಇರೋ ಗ್ಲಾಸ್ ಕ್ಲೀನರ್ ಮುಟ್ಟಿಸಲೇಬೇಡಿ.

ಬಕಲ್‌ಗಳು ಬದಿಯ ಗೋಡೆ ಎತ್ತರಕ್ಕೆ ಬರೋ ಡಿಸೈನ್ ಇದ್ರೆ ತಗೊಳ್ಬೇಡಿ, ಅವು ಟ್ರೇಲರ್ ಅಡಿಯಲ್ಲಿ ಅಥವಾ ಕೆಳಗಿನ ಅಂಚಿನ ಕೆಳಗೆ ಬರ್ಬೇಕು. ಜೋಲು ಬಿದ್ದ ಕಡೆ ಎಳೆದು ಕಟ್ಟೋಕೆ ಮುಂದೆ ಹಿಂದೆ ಬಿಗಿಯೋ ಪಟ್ಟಿ ಇರ್ಬೇಕು. ಛಾವಣಿ ನೀರು ಇಳಿಯೋ ಗಟರ್ ಮೂತಿ, ಆಂಟೆನಾ, ಬದಿಗೆ ಬಿಚ್ಚೋ ನೆರಳಿನ ಬಟ್ಟೆಯ (ಆವ್ನಿಂಗ್) ಕೈಗಳು, ಛಾವಣಿ ಮೂಲೆಗಳು, ಇವೆಲ್ಲಾ ಒಳಗಿಂದ ಬಟ್ಟೆ ತೂತು ಮಾಡ್ತವೆ, ಪೈಪ್‌ಗೆ ಸುತ್ತೋ ಫೋಮ್ ಕತ್ತರಿಸಿ ಒಂದೊಂದಕ್ಕೂ ಹಾಕಿ. ಟೇಪ್ ಹಾಕೋದಿದ್ರೆ ಫೋಮ್‌ಗೆ ಹಾಕಿ, ಪೇಂಟ್ ಮೇಲೆ ಬೇಡ, ಬಿಸಿಲಿಗೆ ಅಂಟು ಕರಗಿ ಕೂತ್ರೆ ತೆಗೆಯೋದು ಬಹಳ ಕಷ್ಟ. ಗಾಳಿ ಇಲ್ಲದ ದಿನ ನೋಡಿ ಇಬ್ರು ಸೇರಿ ಹಾಕಿ, ಛಾವಣಿ ಮೇಲೆ ಹತ್ತಿ ಎಳೆಯೋಕೆ ಹೋಗ್ಬೇಡಿ, ಆ ಬಟ್ಟೆ ಮೇಲೆ ಕಾಲಿಟ್ರೆ ಜಾರುತ್ತೆ.

ಬ್ಯಾಟರಿ ವಿಷಯ ಯಾರೂ ಹೇಳಲ್ಲ. ಛಾವಣಿ ಮೇಲೆ ಸೋಲಾರ್ ಪ್ಯಾನೆಲ್ ಇದೆ, ಅದೇ ಚಾರ್ಜ್ ಮಾಡ್ಕೊಳುತ್ತೆ ಅಂದ್ಕೊಂಡಿರ್ತೀವಿ, ಕವರ್ ಹಾಕಿದ ತಕ್ಷಣ ಅದು ಕತ್ತಲಲ್ಲಿ. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಇದ್ದಾಗ ಸುಮಾರು 12.6ರಿಂದ 12.7 ವೋಲ್ಟ್ ತೋರ್ಸುತ್ತೆ, ಇಳಿದ ಚಾರ್ಜಲ್ಲೇ ಬಿಟ್ರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಚಾರ್ಜ್ ಹಿಡಿಯಲ್ಲ. ಬಿಚ್ಚಿ ಒಳಗೆ ತಂದಿಟ್ಟು ಆಗಾಗ ಚಾರ್ಜ್ ಮಾಡಿ.

ಗ್ಯಾಸ್ ಮಾತ್ರ ಗಂಭೀರವಾಗಿ ತಗೊಳ್ಳಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ಕೆಳಗೆ ಇಳಿಯುತ್ತೆ, ಅದಕ್ಕೇ ಟ್ರೇಲರ್ ತಳದಲ್ಲಿ ತೂತು ಬಿಟ್ಟಿರ್ತಾರೆ. ಕವರ್ ಅಂಚು ನೆಲದವರೆಗೂ ಎಳೆದು ಸುತ್ತ ಮುಚ್ಚಿದ್ರೆ ಗಾಳಿಯಾಡಲ್ಲ, ಗ್ಯಾಸ್ ಅಲ್ಲೇ ನಿಲ್ಲುತ್ತೆ. ಸಿಲಿಂಡರ್ ವಾಲ್ವ್ ಮುಚ್ಚಿ, ಸಾಧ್ಯ ಆದ್ರೆ ಸಿಲಿಂಡರೇ ತೆಗೆದು ಗಾಳಿಯಾಡೋ ಜಾಗದಲ್ಲಿ ನೆಟ್ಟಗೆ ನಿಲ್ಸಿ. ಕವರ್ ಇದ್ದಾಗ ಫ್ರಿಜ್ ಅನ್ನ ಗ್ಯಾಸ್‌ನಲ್ಲಿ ಓಡಿಸೋದು, ಹೀಟರ್ ಹಚ್ಚೋದು ಯಾವ ಕಾರಣಕ್ಕೂ ಬೇಡ, ಬೆಂಕಿ ಮತ್ತೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲ, ಎರಡರ ಭಯನೂ ಇದೆ.

ಕವರ್‌ಗೆ ಜಾಲರಿ ಇರೋ ವೆಂಟ್‌ಗಳು ಎತ್ತರದಲ್ಲಿ ಇರ್ಬೇಕು, ಕೆಳಗೆ ಅಂಚು ನೆಲದಿಂದ ಮೇಲೇ ಇರ್ಬೇಕು, ಆಗಲೇ ಗಾಳಿ ಕೆಳಗಿಂದ ಬಂದು ಮೇಲೆ ಹೋಗೋದು. ಒಳಗಡೆ ಫೋಮ್‌ಗಳನ್ನ ಗೋಡೆಯಿಂದ ದೂರ ನೆಟ್ಟಗೆ ನಿಲ್ಸಿ, ಕಪಾಟು, ಫ್ರಿಜ್ ಬಾಗಿಲು ತೆರೆದೇ ಇಡಿ. ತೇವ ಹೀರೋ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಡ್ಬಹುದು, ಆದ್ರೆ ಅದು ತುಂಬಿ ಚೆಲ್ಲಿದ್ರೆ ಆ ಉಪ್ಪು ನೀರು ಲೋಹ ತಿನ್ನುತ್ತೆ, ಬಕೆಟ್ ಒಳಗಿಟ್ಟು ಆಗಾಗ ಖಾಲಿ ಮಾಡಿ. ಇಲಿ ಬರೋ ಕಡೆ ತಂತಿ ಪೈಪ್ ಒಳಗೆ ಹೋಗೋ ತೂತುಗಳನ್ನ ಸ್ಟೀಲ್ ಜಾಲರಿಯಿಂದ ಮುಚ್ಚಿ, ಕವರ್ ಕೆಳಗೆ ಅವಕ್ಕೆ ಒಳ್ಳೇ ಮರೆ ಸಿಗುತ್ತೆ. ಅಂದಹಾಗೆ ಗ್ಯಾಸ್‌ಗೆ ಬಿಟ್ಟ ತೂತು ಪೂರ್ತಿ ಮುಚ್ಚಿ ಬಿಡ್ಬೇಡಿ, ಅದಕ್ಕೆ ಗಾಳಿಯಾಡೋ ಜಾಲರಿ ಮಾತ್ರ.

ಜಿಪ್ ಇರೋ ಬಾಗಿಲು ಇಲ್ಲದ ಕವರ್ ತಗೊಳ್ಳಲೇಬೇಡಿ, ಇದು ನನ್ನ ಹಟ ಅಂದ್ಕೊಂಡ್ರೂ ಸರಿ. ನಮ್ಮದ್ರಲ್ಲಿ ಬಾಗಿಲು ಕಡೆ ಜಿಪ್ ಇರ್ಲಿಲ್ಲ, ಒಳಗೆ ನೋಡ್ಬೇಕು ಅಂದ್ರೆ ಅರ್ಧ ಕವರ್ ಬಿಚ್ಚಬೇಕು, ಅದು ಮತ್ತೆ ಹಾಕೋಕೆ ಆಗಲ್ಲ ಅಂತ ಮುಂದಕ್ಕೆ ಹಾಕೋದು, ಅಷ್ಟರಲ್ಲಿ ಒಳಗೆ ಆಗೋದು ಆಗಿರುತ್ತೆ. ಜಿಪ್ ಇದ್ರೆ ಬಿಸಿಲಿರೋ ದಿನ ತೆರೆದು ಬಾಗಿಲು ಕಿಟಕಿ ಬಿಟ್ಟು ಗಾಳಿ ಆಡಿಸ್ಬಹುದು, ಮೂಗಿಗೇ ಗೊತ್ತಾಗುತ್ತೆ ಒಳಗೆ ಏನು ನಡೀತಿದೆ ಅಂತ.

ರಿಪೇರಿ ಮಾಡೋರನ್ನ ಕರೆಸಿದಾಗ ಅವರು ಮೊದ್ಲು ಮಾಡಿದ್ದು ಹೆಬ್ಬೆರಳಲ್ಲಿ ಗೋಡೆ ಒತ್ತಿದ್ದು, ಕಿಟಕಿ ಕೆಳಗಿನ ಮೂಲೆ ಒತ್ತಿದಾಗ ಅದು ಒಳಗೆ ಹೋಯ್ತು, ಕೈ ತೆಗೆದ್ರೂ ವಾಪಸ್ ಬರ್ಲಿಲ್ಲ. ಮರದಲ್ಲಿ ತೇವ ಎಷ್ಟಿದೆ ಅಂತ ತೋರ್ಸೋ ಎರಡು ಮುಳ್ಳಿನ ಮಾಯಿಶ್ಚರ್ ಮೀಟರ್ ಚುಚ್ಚಿ ನೋಡಿದ್ರು, ತೇವ ಸಾಮಾನ್ಯವಾಗಿ 15%ವರೆಗೆ ಇದ್ರೆ ಭಯ ಇಲ್ಲ, 15ರಿಂದ 20 ಇದ್ರೆ ಕಣ್ಣಿಟ್ಟಿರ್ಬೇಕು, 20 ದಾಟಿದ್ರೆ ಕಾರಣ ಹುಡುಕ್ಬೇಕು, 30 ದಾಟಿದ್ರೆ ಮರ ಕೊಳೀತಿರೋ ಸಾಧ್ಯತೆ ಜಾಸ್ತಿ. ನಮ್ಮದು ಆ ಮೂಲೆಯಲ್ಲಿ 30ರ ಮೇಲಿತ್ತು. ಅಲ್ಲಿನ ಪ್ಲೈವುಡ್ ಕಿತ್ತು ಹೊಸದು ಹಾಕಿಸಿದ್ವಿ, ಬೂಷ್ಟು ಹಿಡಿದ ಫೋಮ್ ಎಲ್ಲಾ ಎಸೆದ್ವಿ, ಅದು ಒಳಗಿನವರೆಗೂ ಹೋಗಿದ್ರೆ ತೊಳೆದು ಪ್ರಯೋಜನ ಇಲ್ಲ.

ಈಗ ಯಾರ ಟ್ರೇಲರ್ ಕವರ್ ಒಳಗಿದೆಯೋ ಅವರು ಬೆಳಿಗ್ಗೆ ಬಿಸಿಲೇರೋ ಮುಂಚೆ ಕವರ್‌ನ ಒಂದು ಅಂಚು ಎತ್ತಿ ಒಳಮೈ ಮುಟ್ಟಿ ನೋಡಿ. ಒದ್ದೆ ಇದ್ರೆ ಅವತ್ತೇ ಗಾಬರಿ ಬೇಡ, ಮಧ್ಯಾಹ್ನ ಚೆನ್ನಾಗಿ ಬಿಸಿಲು ಬಿದ್ದ ಮೇಲೆ ಅದೇ ಜಾಗ ಇನ್ನೊಂದ್ಸಲ ಮುಟ್ಟಿ. ಆಗಲೂ ಒದ್ದೆ ಇದ್ರೆ ಕವರ್ ತೆಗೆದು, ಬಾಗಿಲು ಕಿಟಕಿ ತೆರೆದು ಪೂರ್ತಿ ಒಣಗಿಸಿ, ಆ ಕವರ್ ಮತ್ತೆ ಹಾಕ್ಬೇಡಿ.