ಸುದ್ದಿ ಓದಿಸಿ ಇಂಗ್ಲಿಷ್ ಕಲಿಸೋ ಆ್ಯಪ್: ಎರಡು ವರ್ಷ ದುಡ್ಡು ಕಟ್ಟಿದ ಮೇಲೆ

ತುಮಕೂರಿನ ಹತ್ತಿರ ಮಿಡಿಸೌತೆ (ಗೆರ್ಕಿನ್) ರಫ್ತು ಮಾಡುವ ಒಂದು ಯೂನಿಟ್‌ನಲ್ಲಿ ಕಾಗದಪತ್ರದ ಕೆಲಸ ನನ್ನದು. ನಮ್ಮ ಕಡೆ ರೈತರು ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ಬೆಳೆಯುತ್ತಾರಲ್ಲ, ಅದೇ. ಇಲ್ಲಿ ತಿನ್ನೋರು ಬಹಳ ಕಮ್ಮಿ, ವಿನೆಗರ್‌ನಲ್ಲಿ ಮುಳುಗಿ ಡ್ರಮ್ ಡ್ರಮ್ ಆಗಿ ಹಡಗು ಹತ್ತುತ್ತದೆ. ನಾನು ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಮೇಲ್ ಹೇಗೋ ಓದುತ್ತಿದ್ದೆ, ಎರಡು ಸಾಲಿಗೊಮ್ಮೆ ಗೂಗಲ್ ಕೇಳಿಕೊಂಡು.

2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೌತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರುಮಾಡಿದರು. ದೊಡ್ಡ ಶಿಪ್ಪಿಂಗ್ ಲೈನ್‌ಗಳು ಹೆಚ್ಚಿನವು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿ ಸುತ್ತಿಕೊಂಡು ಹೋಗತೊಡಗಿದವು, ಯುರೋಪಿಗೆ ಹೋಗುವ ನಮ್ಮ ಮಾಲು ಹತ್ತು ದಿನಕ್ಕೂ ಜಾಸ್ತಿ ತಡ, ದಿನಾ ಬೆಳಗ್ಗೆ ಮೇಲ್ ತೆಗೆದರೆ ಸರ್‌ಚಾರ್ಜ್, ಕಂಟಿಂಜೆನ್ಸಿ, ಫೋರ್ಸ್ ಮಜೂರ್ ಅಂತ ಏನೇನೋ. ಆ ಗಾಬರಿಯಲ್ಲಿ ಈ ಆ್ಯಪ್ ಹಾಕಿಕೊಂಡೆ. ಹೆಸರು ಬರೆಯಲ್ಲ, ಅವರ ಕಸ್ಟಮರ್ ಕೇರ್ ಜೊತೆ ಒಂದು ಜಗಳ ಇನ್ನೂ ಬಾಕಿ ಇದೆ.

ದಿನಕ್ಕೊಂದು ವಿದೇಶಿ ಸುದ್ದಿ, ಜಾಸ್ತಿ ವ್ಯಾಪಾರದ್ದೇ. ಗಟ್ಟಿ ಪದಗಳ ಕೆಳಗೆ ಗೆರೆ, ಒತ್ತಿದರೆ ಅರ್ಥ. ಆಮೇಲೆ ಕಾರ್ಡ್‌ಗಳು. ಮರೆತ ಪದ ನಾಳೆಯೇ ವಾಪಸ್ ಬರುತ್ತದೆ, ಗೊತ್ತಿರೋದು ತಿಂಗಳು ಬಿಟ್ಟು. ಗುಬ್ಬಿಯಿಂದ ಬಸ್ಸಲ್ಲಿ ಬರುವಾಗ ಸೀಟ್ ಸಿಕ್ಕಿದರೆ ಒಂದು ಪಾಠ ಮುಗಿಯುತ್ತದೆ. ಇಷ್ಟರ ಮಟ್ಟಿಗೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ತೊಂದರೆ ಬಂದದ್ದು ಗೊತ್ತಿಲ್ಲದ ಪದಗಳಿಂದ ಅಲ್ಲ, ಗೊತ್ತಿದ್ದವುಗಳಿಂದ. ನಮಗೆ ಸ್ಯಾಂಕ್ಷನ್ ಅಂದ್ರೆ ಸಾಲ ಮಂಜೂರಾಗೋದು, ಸಿಹಿ ಹಂಚೋ ವಿಷಯ. ರಷ್ಯಾ ಮೇಲೆ ಸ್ಯಾಂಕ್ಷನ್ ಅಂತ ಓದಿದಾಗ, ನಿಜ ಹೇಳ್ತೀನಿ, ಅವರಿಗೂ ಯಾರೋ ಏನೋ ಮಂಜೂರು ಮಾಡಿದ್ದಾರೆ ಅಂದುಕೊಂಡಿದ್ದೆ, ಅಲ್ಲಿ ಅದು ನಿರ್ಬಂಧ. ಡಂಪಿಂಗ್ ಅಂದ್ರೆ ನಮಗೆ ಕಸ ಸುರಿಯೋದು, ಅಲ್ಲಿ ತನ್ನ ದೇಶದ ರೇಟಿಗಿಂತ ಕಮ್ಮಿಗೆ ಹೊರಗೆ ಮಾರೋದು. ಟ್ಯಾರಿಫ್ ಅಂದ್ರೆ ನಮಗೆ ಕರೆಂಟ್ ರೇಟು, ಲಾಡ್ಜ್ ರೂಮಿನ ರೇಟು, ಅಲ್ಲಿ ಆಮದು ಮಾಲಿನ ಮೇಲಿನ ಸುಂಕ. ಆ್ಯಪ್‌ಗೆ ಇದ್ಯಾವುದೂ ಗೊತ್ತಿಲ್ಲ. 'ಇದು ನಿಮಗೆ ಗೊತ್ತಿರುವ ಪದವೇ?' ಅಂತ ಕೇಳುತ್ತದೆ, ನಾವು ಹೌದು ಒತ್ತುತ್ತೇವೆ, ಅದು ಆ ಕಾರ್ಡನ್ನೇ ತೆಗೆದುಹಾಕುತ್ತದೆ. ಇದರಷ್ಟು ದೊಡ್ಡ ಕೊರತೆ ಇನ್ನೊಂದಿಲ್ಲ.

ಡಿಟೆನ್ಷನ್ ಕಥೆ ಹೇಳಲೇಬೇಕು. ಯಾವುದೋ ದೇಶದ ಪ್ರತಿಭಟನೆಯ ಸುದ್ದಿಯಲ್ಲಿ ಬಂದಿತ್ತು, ಕಾರ್ಡಿನ ಮೇಲೆ 'ಬಂಧನದಲ್ಲಿಡುವುದು'. ಅದಾದ ವಾರಕ್ಕೇ ಶಿಪ್ಪಿಂಗ್ ಲೈನ್‌ನಿಂದ ಮೇಲ್, ನಿಮ್ಮ ಕಂಟೇನರ್‌ಗೆ ಡಿಟೆನ್ಷನ್ ಅಂತ. ಕಸ್ಟಮ್ಸ್‌ನವರು ಹಿಡಿದುಕೊಂಡರು ಅಂತ ರಾತ್ರಿ ಒಂಬತ್ತಕ್ಕೆ ಮ್ಯಾನೇಜರ್‌ಗೆ ಫೋನ್ ಮಾಡಿದೆ. 'ಯಾರನ್ನಪ್ಪಾ ಅರೆಸ್ಟ್ ಮಾಡಿದ್ದು, ಸೌತೆಕಾಯಿನಾ?' ಅಂದರು. ವಿಷಯ ಇಷ್ಟೇ: ಖಾಲಿ ಕಂಟೇನರ್ ತಂದು, ಮಾಲು ತುಂಬಿಸಿ, ಕೊಟ್ಟ ದಿನದೊಳಗೆ ಪೋರ್ಟ್‌ಗೆ ಸೇರಿಸಿರಲಿಲ್ಲ, ಅದಕ್ಕೆ ದಂಡದ ಬಾಡಿಗೆ. ಪೋರ್ಟ್ ಒಳಗೇ ಕೂತು ತಡವಾದರೆ ಡೆಮರೇಜ್. ಈ ಎರಡರ ವ್ಯತ್ಯಾಸ ಆ್ಯಪ್‌ನಲ್ಲಿ ಇವತ್ತಿಗೂ ಇಲ್ಲ.

ಆಮೇಲೆ ಕನ್ನಡ ಅರ್ಥ ಅಂತ ಹೊಸದಾಗಿ ಸೇರಿಸಿದರು. ಟ್ಯಾರಿಫ್ ಹೈಕ್ ಅನ್ನೋದಕ್ಕೆ 'ಸುಂಕ ಚಾರಣ' ಅಂತ ಬಂತು! ಹೈಕ್ ಅಂದ್ರೆ ಇಲ್ಲಿ ಏರಿಕೆ, ಅವರು ಬೆಟ್ಟ ಹತ್ತೋ ಹೈಕ್ ಅಂದುಕೊಂಡು ದೇವರಾಯನದುರ್ಗದ ಬೆಟ್ಟ ಹತ್ತಿಸಿಬಿಟ್ಟರು ಸುಂಕವನ್ನ. ಸ್ಕ್ರೀನ್‌ಶಾಟ್ ಕಳಿಸಿದೆ, 'ನಿಮ್ಮ ಸಲಹೆಗೆ ಧನ್ಯವಾದ' ಅಂತ ಮೂರು ಸಲ ಉತ್ತರ, ಪದ ಹಾಗೇ ಇದೆ. ಜಗಳ ಅಂದದ್ದು ಇದೇ.

ಇಷ್ಟಾದರೂ 2025ರ ಆಗಸ್ಟ್‌ನಲ್ಲಿ ಕೈ ಹಿಡಿದದ್ದು ಇದೇ ಆ್ಯಪ್. ಅಮೆರಿಕ ನಮ್ಮ ಮಾಲಿಗೆ ಮೊದಲು 25, ಆಮೇಲೆ 27ನೇ ತಾರೀಖಿನಿಂದ ಒಟ್ಟು 50 ಪರ್ಸೆಂಟ್ ಸುಂಕ ಹಾಕಿತು. ಆ ತಿಂಗಳು ಪಾಠಗಳೆಲ್ಲ ಅದರ ಮೇಲೇ. ಲೆವಿ, ರಿಟ್ಯಾಲಿಯೇಟ್, ಎಕ್ಸೆಂಪ್ಷನ್, ಫ್ರಂಟ್‌ಲೋಡಿಂಗ್. ಕೊನೇದು ಅಂದ್ರೆ ಸುಂಕ ಏರುವ ಮುಂಚೆಯೇ ಮಾಲು ಸಾಗಿಸಿಬಿಡೋದು, ನಾವು ಆಫೀಸಿನಲ್ಲಿ ಬೆವರು ಸುರಿಸಿಕೊಂಡು ಮಾಡುತ್ತಿದ್ದದ್ದೇ ಅದು, ಹೆಸರಿದೆ ಅಂತ ಗೊತ್ತಿರಲಿಲ್ಲ ಅಷ್ಟೇ. 27ಕ್ಕೆ ಮೊದಲೇ ಹಡಗು ಹತ್ತಿ ಸೆಪ್ಟೆಂಬರ್ 17ಕ್ಕೆ ಮುಂಚೆ ಅಲ್ಲಿ ಕ್ಲಿಯರ್ ಆಗುವ ಮಾಲಿಗೆ ಏರಿದ ಸುಂಕ ಇಲ್ಲ ಅನ್ನೋ ಸಾಲನ್ನ ಆ ಉದ್ದನೆಯ ಆದೇಶದಲ್ಲಿ ನಾನೇ ಓದಿ ಅರ್ಥ ಮಾಡಿಕೊಂಡೆ. ಗೂಗಲ್ ಇಲ್ಲದೆ. ಖುಷಿಯಾಗಲ್ವಾ?

ಅದೇ ವಾರ ಹೊಲದ ಕಡೆ ಹೋದಾಗ ಒಬ್ಬ ರೈತರು, 'ಟ್ಯಾರಿಫ್ ಜಾಸ್ತಿ ಆಯ್ತಂತಲ್ಲ ಸಾರ್, ನಮ್ದು ಪಂಪ್‌ಸೆಟ್ಟು, ನಮ್ಗೇನೂ ಇಲ್ಲ ಅಲ್ವಾ?' ಅಂದರು. ನಗು ಬರಲಿಲ್ಲ. ಅಲ್ಲೇ ಬದುವಿನ ಮೇಲೆ ಕೂತು ಹೇಳಿದೆ, ಪೂರ್ತಿ ಹೇಳೋಕೆ ಅರ್ಧ ಗಂಟೆ ಆಯಿತು.

ಅವತ್ತಿನಿಂದ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ನಮ್ಮ ಅರ್ಥ, ಬಲಗಡೆ ಅವರ ಅರ್ಥ, ನಲವತ್ತು ಪದ ದಾಟಿದೆ. ಆ್ಯಪ್ ಈ ಸಲವೂ ರಿನ್ಯೂ ಮಾಡಿದೆ, ಆದ್ರೆ ಕನ್ನಡ ಅರ್ಥ ಇರೋ ದುಬಾರಿ ಪ್ಲಾನ್ ಬಿಟ್ಟು ಚಿಕ್ಕದಕ್ಕೆ. ಸ್ಟಾರ್ ಮೂರು ಕೊಡುತ್ತೇನೆ. ಚಾರಣ ತೆಗೆದ ದಿನ ನಾಲ್ಕು.